ಬಿ.ಪಿ. ಇರುವ ಮಾವನವರಿಗಾಗಿ ಮಿಡಿ ಉಪ್ಪಿನಕಾಯಿಗೆ ಉಪ್ಪು ಕಡಿಮೆ ಹಾಕಿ, ಬದಲಿಗೆ ವಿನೆಗರ್ ಸೇರಿಸಿದರೆ ಉಳಿಯುತ್ತದೆಯೇ? (ಕೆಜಿಗೆ 100 ಗ್ರಾಂ ಉಪ್ಪು ಸಾಕೇ? ಕಳೆದ ವರ್ಷದ್ದು ಮೆತ್ತಗಾಗಿತ್ತು)

ಉಳಿಯಲ್ಲ. ನೂರು ಗ್ರಾಂ ಅನ್ನೋದನ್ನ ಓದಿದ ಕೂಡಲೇ ನನ್ನ ಭರಣಿಯ ಹುಳಿನಾತ ಮತ್ತೆ ಮೂಗಿಗೆ ಬಂತು. ನಿಮ್ಮ ಮಾವನವರ ಜಾಗದಲ್ಲಿ ನಮ್ಮ ಅಪ್ಪ ಇದ್ದರು, ಅಷ್ಟೇ ವ್ಯತ್ಯಾಸ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದರು. ನಾನು ಸಾರು, ಪಲ್ಯಕ್ಕೆ ಕಡಿಮೆ ಮಾಡೋದು ಬಿಟ್ಟು ಭರಣಿಗೆ ಕಡಿಮೆ ಮಾಡಿದೆ. ಹೊಸನಗರದ ಕಡೆಯಿಂದ ತರಿಸಿದ ಆರು ಕೆಜಿ ಜೀರಿಗೆ ಮಿಡಿ (ಜೀರಿಗೆಯ ಪರಿಮಳ ಇರೋ ಎಳೆ ಮಾವಿನಕಾಯಿ) ಮಳೆಗಾಲ ಮುಗಿಯೋ ಮೊದಲೇ ತೆಂಗಿನ ಬುಡ ಸೇರಿತು. ತೆಂಗಿಗೆ ಉಪ್ಪು ಒಳ್ಳೇದು ಅನ್ನೋದೊಂದೇ ಸಮಾಧಾನ.

ತಪ್ಪು ಎಲ್ಲಾಯ್ತು ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡೋಕೆ ಹೊರಟಿದ್ದೀರಿ. ನಮ್ಮ ಮನೆಯ ಹಳೇ ಲೆಕ್ಕ ಒಂದು ಕೆಜಿ ಮಿಡಿಗೆ ಕಾಲು ಕೆಜಿ ಹರಳುಪ್ಪು. ನಾನು ಹಾಕಿದ್ದು ನೂರು ಗ್ರಾಂ. ಮಿಡಿಯ ತೂಕದಲ್ಲಿ ನೂರಕ್ಕೆ ಎಂಬತ್ತರ ಮೇಲೆ ನೀರೇ ಇರುತ್ತೆ. ಅಂದ್ರೆ ಒಂದು ಕೆಜಿ ಮಿಡಿಯೊಳಗೆ 800 ಗ್ರಾಂಗಿಂತ ಹೆಚ್ಚು ನೀರು. ಅದಕ್ಕೆ 250 ಗ್ರಾಂ ಉಪ್ಪು ಬಿದ್ದರೆ ಕೊನೆಗೆ ನಿಲ್ಲೋ ಉಪ್ಪುನೀರಿನ ಸಾಂದ್ರತೆ ಸುಮಾರು 23 ಶೇಕಡಾ. ನೀರು ಎಷ್ಟು ಉಪ್ಪು ಕರಗಿಸಿಕೊಳ್ಳಬಹುದೋ ಅದರ ಮಿತಿಯೇ 26 ಶೇಕಡಾ ಆಸುಪಾಸು, ಹಾಗಾಗಿ ಇದು ಹೆಚ್ಚುಕಮ್ಮಿ ತುತ್ತತುದಿ. ಅದೇ ನೂರು ಗ್ರಾಂ ಹಾಕಿದರೆ ಹತ್ತು, ಹನ್ನೊಂದು ಶೇಕಡಾ. ನಾಲಿಗೆಗೆ ಎರಡೂ ಒಂದೇ, ಎರಡೂ ಕಡು ಉಪ್ಪು. ಬೂಸ್ಟಿಗೆ (ಶಿಲೀಂಧ್ರಕ್ಕೆ) ಮಾತ್ರ ಎರಡೂ ಒಂದೇ ಅಲ್ಲ. ಹತ್ತು ಶೇಕಡಾ ಉಪ್ಪಿನಲ್ಲಿ ಹುದುಗು ತರಿಸೋ ಯೀಸ್ಟೂ ಬೂಸ್ಟೂ ಆರಾಮಾಗಿ ಬದುಕುತ್ತವೆ. ಇಪ್ಪತ್ತು ದಾಟಿದ ಮೇಲೆ ಅವಕ್ಕೆ ಕಷ್ಟ.

ಭರಣಿಯಲ್ಲಿ ಕಂಡಿದ್ದು ಹೀಗೆ. ಮೂರನೇ ದಿನಕ್ಕೆ ಮಿಡಿ ಮುಳುಗುವಷ್ಟು ನೀರು ಬಿಡಬೇಕಿತ್ತು, ಅರ್ಧಕ್ಕೆ ನಿಂತಿತ್ತು. ಭರಣಿಯ ತಳದಲ್ಲಿ ಒಂದು ಹರಳೂ ಉಳಿದಿರಲಿಲ್ಲ. ಹತ್ತನೇ ದಿನವೂ ಮಿಡಿ ಗುಂಡುಗುಂಡಾಗಿ, ಮರದಿಂದ ಇಳಿಸಿದ ಹಾಗೇ ಇತ್ತು. ‘ಆಹಾ, ಎಷ್ಟು ಚೆನ್ನಾಗಿದೆ’ ಅಂತ ಖುಷಿಪಟ್ಟೆ. ಖುಷಿಪಟ್ಟಿದ್ದೇ ದಡ್ಡತನ. ಮಿಡಿ ಚಿರುಟಬೇಕು. ಚಿರುಟಿದೆ ಅಂದ್ರೆ ಒಳಗಿನ ನೀರು ಹೊರಗೆ ಬಂದಿದೆ, ಉಪ್ಪು ಒಳಗೆ ಗೊರಟಿನವರೆಗೂ ಹೋಗಿದೆ ಅಂತ ಅರ್ಥ. ಗುಂಡಾಗಿ ಉಳಿದ ಮಿಡಿಯ ಹೊಟ್ಟೆಯೊಳಗೆ ಇನ್ನೂ ಸಪ್ಪೆ ನೀರು ಕೂತಿರುತ್ತೆ. ಮೇಲೆ ಬಂದಿದ್ದ ತೆಳ್ಳನೆ ಬಿಳಿ ಪೊರೆಯನ್ನ ಸೌಟಿನಲ್ಲಿ ತೆಗೆದು ಖಾರ ಕೂಡಿಸಿಬಿಟ್ಟೆ. ಆಷಾಢದಲ್ಲಿ ಒಂದು ದಿನ ನೋಡಿದರೆ ಭರಣಿ ಬಾಯಿಗೆ ಕಟ್ಟಿದ್ದ ಬಟ್ಟೆ ಉಬ್ಬಿಕೊಂಡಿದೆ, ರಸ ನೊರೆನೊರೆಯಾಗಿ ಅಂಚಿನಿಂದ ಇಳೀತಿದೆ. ಮಿಡಿ ಹಿಚುಕಿದರೆ ಸಿಪ್ಪೆ ಬೇರೆ, ತಿರುಳು ಬೇರೆ. ಗಾಬರಿಯಲ್ಲಿ ಅರ್ಧ ಕೆಜಿ ಪುಡಿ ಉಪ್ಪು ಸುರಿದೆ. ನೊರೆ ನಿಂತಿತು, ಮಿಡಿ ಮಾತ್ರ ಗಟ್ಟಿಯಾಗಲಿಲ್ಲ. ಕಾಯಿಯನ್ನ ಗಟ್ಟಿಯಾಗಿ ಹಿಡಿದಿಡೋ ಪೆಕ್ಟಿನ್ ಅನ್ನ ಬೂಸ್ಟು ಒಮ್ಮೆ ಕರಗಿಸಿದ ಮೇಲೆ ಯಾವ ಉಪ್ಪೂ ಅದನ್ನ ವಾಪಸ್ ತರಲ್ಲ.

ಇನ್ನು ವಿನೆಗರ್. ಅಪ್ಪೆಮಿಡಿ, ಅಂದ್ರೆ ಮಲೆನಾಡಿನ ಈ ಪರಿಮಳದ ಮಿಡಿಯೇ ಬಾಯಲ್ಲಿ ಇಡೋಕಾಗದಷ್ಟು ಹುಳಿ. ಹುಳಿ ಸಾಲದೆ ಅದು ಕೆಡಲ್ಲ. ಯೀಸ್ಟು, ಬೂಸ್ಟು ಎರಡಕ್ಕೂ ಹುಳಿಯ ಹೆದರಿಕೆ ಅಷ್ಟಾಗಿ ಇಲ್ಲ, ಅವುಗಳಿಗೆ ಬೇಕಾಗಿರೋದು ಉಪ್ಪಿನ ಏಟು. ಅಂಗಡಿ ವಿನೆಗರ್‌ನಲ್ಲಿ ಆಮ್ಲ ನಾಲ್ಕೈದು ಶೇಕಡಾ ಮಾತ್ರ, ಉಳಿದದ್ದೆಲ್ಲ ನೀರು. ಅಂದ್ರೆ ಉಪ್ಪು ಕಡಿಮೆ ಮಾಡಿದ್ದೂ ಅಲ್ಲದೆ ಇದ್ದದ್ದನ್ನೂ ತೆಳ್ಳಗೆ ಮಾಡಿದ ಹಾಗಾಯ್ತು. ಅದರ ಮೇಲೆ, ಜೀರಿಗೆ ಪರಿಮಳಕ್ಕೆ ಅಂತ ದುಡ್ಡು ಕೊಟ್ಟು ತಂದ ಮಿಡಿಗೆ ಗೋಬಿ ಮಂಚೂರಿ ಗಾಡಿಯ ವಾಸನೆ ಯಾಕೆ?

ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಭರಣಿಯ ಉಪ್ಪು ರುಚಿಗೆ ಹಾಕೋದಲ್ಲ. ಮಾವನವರ ಬಿ.ಪಿ. ಲೆಕ್ಕ ಶುರುವಾಗೋದು ತಟ್ಟೆಯಲ್ಲಿ. ಉಪ್ಪು ಹಿಡಿದು ಚಿರುಟಿದ ಸಾಧಾರಣ ಮಿಡಿಯೊಂದು ಏಳೆಂಟು ಗ್ರಾಂ ತೂಗುತ್ತೆ ಅಂದುಕೊಳ್ಳಿ, ಅದರಲ್ಲಿ ಒಂದೂವರೆ ಗ್ರಾಂ ಹತ್ತಿರ ಉಪ್ಪು ಇರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತೆ. ಹಾಗಾಗಿ ಮೊಸರನ್ನಕ್ಕೆ ಅರ್ಧ ಮಿಡಿ, ರಸ ಒರೆಸಿ. ಆ ಹೊತ್ತಿನ ಮೊಸರನ್ನಕ್ಕೆ ಬೇರೆ ಉಪ್ಪು ಹಾಕಬೇಡಿ. ಅದೂ ಬೇಡ ಅಂತ ಅವರ ಡಾಕ್ಟರು ಹೇಳಿದ್ದರೆ ಅದೇ ಕೊನೆ ಮಾತು.

ಈಗ ಹಾಕೋ ಕ್ರಮ. ಒಂದು ಕೆಜಿ ಲೆಕ್ಕ ಕೊಡ್ತೀನಿ: ಹರಳುಪ್ಪು 250 ಗ್ರಾಂ, ಬ್ಯಾಡಗಿ ಮೆಣಸು 150, ಸಾಸಿವೆ 75ರಿಂದ 100, ಅರಿಶಿನ ಎರಡು ಚಮಚ. ತಕ್ಕಡಿಯಲ್ಲಿ ತೂಗಿ, ಲೋಟದಲ್ಲಿ ಅಳೆಯಬೇಡಿ. ಒಂದು ಲೋಟ ಪುಡಿ ಉಪ್ಪಿಗೂ ಒಂದು ಲೋಟ ಹರಳುಪ್ಪಿಗೂ ತೂಕ ಬೇರೆ ಬೇರೆ, ಹರಳಿನ ಸಂದಿನಲ್ಲಿ ಗಾಳಿ ಇರುತ್ತೆ. ಹಳೇ ಪಾಕದ ‘ಇಷ್ಟು ಸೇರಿಗೆ ಇಷ್ಟು ಸೇರು’ ಲೆಕ್ಕದಲ್ಲಿ ಹೊಸಬರು ಎಡವೋದು ಇಲ್ಲೇ.

ಕಳೆದ ವರ್ಷ ಮೆತ್ತಗಾಗಿತ್ತು ಅಂದ್ರಲ್ಲ, ಅದಕ್ಕೆ ಉಪ್ಪಿನ ಜೊತೆ ಮಿಡಿಯೂ ಕಾರಣ ಇರಬಹುದು. ಉದುರಿದ ಮಿಡಿ, ಕೋಲಲ್ಲಿ ಬಡಿದ ಮಿಡಿ ತಗೋಬೇಡಿ. ನೆಲಕ್ಕೆ ಬಿದ್ದ ಮಿಡಿಗೆ ಒಳಪೆಟ್ಟಾಗಿರುತ್ತೆ, ಹೊರಗೆ ಕಾಣಲ್ಲ, ಭರಣಿಯಲ್ಲಿ ಮೊದಲು ಕೊಳೆಯೋದು ಅದೇ. ಪಕ್ಕದಲ್ಲಿರೋ ಹತ್ತನ್ನೂ ಕೆಡಿಸುತ್ತೆ. ಮರ ಹತ್ತಿ, ಗೊಂಚಲು ಸಮೇತ ಕೊಯ್ದು, ಹಗ್ಗ ಕಟ್ಟಿದ ಚೀಲದಲ್ಲಿ ಇಳಿಸಿದ ಮಿಡಿ ಬೇಕು. ಅದಕ್ಕೇ ರೇಟು ಜಾಸ್ತಿ, ಹೊಳೆದಂಡೆಯ ಎತ್ತರದ ಮರ ಹತ್ತೋದು ಆಟ ಅಲ್ಲ. ಕೊಳ್ಳುವಾಗ ಒಂದರ ತೊಟ್ಟು ಮುರಿದು ನೋಡಿ, ಸೊನೆ ಚಿಮ್ಮಬೇಕು, ಪರಿಮಳ ಬರಬೇಕು. ಇನ್ನೊಂದನ್ನ ಚಾಕುವಿನಲ್ಲಿ ಅಡ್ಡ ಕತ್ತರಿಸಿ. ಗೊರಟು ಸಲೀಸಾಗಿ ಕತ್ತರಿಸಿದರೆ ಸರಿ, ಚಾಕು ತಡೆದರೆ ಬಲಿತಿದೆ, ಬೇಡ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಸಾಗರ, ರಿಪ್ಪನ್‌ಪೇಟೆ, ಶಿರಸಿ, ಸಿದ್ದಾಪುರದ ಕಡೆ ಸಿಗುತ್ತೆ, ನೂರರ ಲೆಕ್ಕದಲ್ಲಿ ಮಾರ್ತಾರೆ. ಅನಂತಭಟ್ಟನ ಅಪ್ಪೆ ಅನ್ನೋ ಹೆಸರಾಂತ ತಳಿ ಅಂತ ಹೇಳಿ ಯಾವುದನ್ನೋ ಕೊಡೋರೂ ಇದ್ದಾರೆ, ಹೆಸರಿಗಿಂತ ಮೂಗನ್ನ ನಂಬಿ.

ತಂದ ದಿನವೇ ಕೆಲಸ ಶುರು ಮಾಡಿ. ತೊಟ್ಟು ಇರುವಾಗಲೇ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ. ಆಮೇಲೆ ತೊಟ್ಟು ಕತ್ತರಿಸಿ, ಕಾಲಿಂಚು ಉಳಿಸಿ. ಬುಡಮಟ್ಟ ಕಿತ್ತು ಆಮೇಲೆ ತೊಳೆದರೆ ಸೊನೆಯೆಲ್ಲ ನೀರಲ್ಲಿ ಹೋಗುತ್ತೆ. ಪರಿಮಳ ಇರೋದೇ ಸೊನೆಯಲ್ಲಿ. ಜೊತೆಗೆ ತೊಟ್ಟಿನ ತೂತಿನಿಂದ ನೀರು ಒಳಗೆ ಹೋಗುತ್ತೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಸೊನೆ ತಾಗಿದರೆ ಚರ್ಮ ಸುಡುತ್ತೆ. ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ, ಮೇಲಿನ ಪದರಕ್ಕೆ ಉಪ್ಪು ಸ್ವಲ್ಪ ಧಾರಾಳ. ನೀರು ಒಂದು ಹನಿಯೂ ಹಾಕೋದು ಬೇಡ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಲ್ಲಿ ತಳದಿಂದ ಮೇಲಕ್ಕೆ ಮಗುಚಿ. ಮೂರು ನಾಲ್ಕನೇ ದಿನ ತಳದಲ್ಲಿ ಇನ್ನೂ ಕರಗದ ಹರಳು ಸಿಗಬೇಕು, ಮಿಡಿ ನೀರಲ್ಲಿ ಮುಳುಗಿರಬೇಕು. ತೇಲ್ತಾ ಇದ್ದರೆ ಮೇಲೆ ಪಿಂಗಾಣಿ ತಟ್ಟೆ ಇಟ್ಟು ಭಾರ ಹೇರಿ. ಗಾಳಿಗೆ ತೆರೆದ ಮಿಡಿಗೇ ಮೊದಲು ಬೂಸ್ಟು ಹಿಡಿಯೋದು. ಹತ್ತರಿಂದ ಹದಿನೈದು ದಿನಕ್ಕೆ ಅಜ್ಜಿಯ ಕೈಬೆರಳಿನ ಹಾಗೆ ಸುಕ್ಕುಸುಕ್ಕಾಗಿ ಚಿರುಟುತ್ತೆ. ಆಗದಿದ್ದರೆ ಕಾಯಿರಿ, ದಿನದ ಲೆಕ್ಕಕ್ಕಿಂತ ಸುಕ್ಕಿನ ಲೆಕ್ಕ ಮುಖ್ಯ.

ಆಮೇಲೆ ಮಿಡಿಗಳನ್ನ ತೆಗೆದು ಬಟ್ಟೆ ಮೇಲೆ ನೆರಳಲ್ಲಿ ಹರವಿ. ಆ ಉಪ್ಪುನೀರನ್ನ ಸ್ಟೀಲ್ ಪಾತ್ರೆಯಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿ, ನೊರೆ ತೆಗೆದು, ಸೋಸಿ, ಪೂರ್ತಿ ತಣಿಸಿ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ, ಹುಳಿ ಉಪ್ಪು ಎರಡೂ ಅದನ್ನ ತಿನ್ನುತ್ತವೆ. ಪೂರ್ತಿ ತಣಿಸಿ ಅಂದಿದ್ದು ಸುಮ್ಮನೆ ಅಲ್ಲ. ಸಾಸಿವೆಯ ಘಾಟು ಕಾಳಿನೊಳಗೆ ಸಿದ್ಧವಾಗಿ ಕೂತಿರಲ್ಲ, ಅರೆದು ನೀರು ತಾಗಿದ ಮೇಲೆ ಹುಟ್ಟುತ್ತೆ. ಬಿಸಿ ನೀರು ತಾಗಿದರೆ ಘಾಟು ಹುಟ್ಟೋದು ನಿಂತು ಕಹಿ ಮಾತ್ರ ಉಳಿಯುತ್ತೆ. ಆ ಘಾಟು ಬೂಸ್ಟನ್ನೂ ತಡೆಯುತ್ತೆ, ಹಾಗಾಗಿ ಸಾಸಿವೆ ಬರೀ ರುಚಿಗಲ್ಲ. ಮೆಣಸು, ಸಾಸಿವೆ ಎರಡನ್ನೂ ಹುರಿಯೋದು ಬೇಡ. ಎರಡು ದಿನ ಬಿಸಿಲಲ್ಲಿ ಮುರಿದರೆ ಚಟ್ ಅನ್ನೋ ಹಾಗೆ ಒಣಗಿಸಿ, ಮೆಣಸಿನ ತೊಟ್ಟು ತೆಗೆದು, ಮೊದಲು ಒಣಗಿದ್ದೇ ಪುಡಿ ಮಾಡಿ, ಆಮೇಲೆ ಆರಿದ ಉಪ್ಪುನೀರು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ಜಾರು ಬಿಸಿಯಾದರೆ ನಿಲ್ಲಿಸಿ ತಣಿಯಲು ಬಿಡಿ. ಬ್ಯಾಡಗಿಯೇ ಯಾಕೆ ಅಂದ್ರೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು 150 ಗ್ರಾಂ ಹಾಕಿದರೆ ಮಿಡಿಯ ರುಚಿ ಯಾರಿಗೂ ಗೊತ್ತಾಗಲ್ಲ. ಅರೆದ ಖಾರ ದೋಸೆಹಿಟ್ಟಿನಷ್ಟು ಹದಕ್ಕಿರಲಿ, ಮಿಡಿ ಕೂಡಿಸಿದಾಗ ಮೇಲೆ ಒಂದು ಬೆರಳು ರಸ ನಿಲ್ಲಬೇಕು. ಎಣ್ಣೆ, ಬೆಳ್ಳುಳ್ಳಿ ಬೇಡ. ಇಂಗು ನಿಮ್ಮಿಷ್ಟ, ನಾನಂತೂ ಹಾಕಲ್ಲ.

ಭರಣಿಯನ್ನ ಮೊದಲೇ ತೊಳೆದು ಬಿಸಿಲಲ್ಲಿ ಒಣಗಿಸಿರಬೇಕು. ಬಾಯಿಯವರೆಗೂ ತುಂಬಿ, ಖಾಲಿ ಜಾಗ ಬಿಟ್ಟಷ್ಟೂ ಗಾಳಿ. ಮೇಲೊಂದು ಹಿಡಿ ಉಪ್ಪು ಉದುರಿಸಿ, ಮುಚ್ಚಿ, ಬಟ್ಟೆ ಕಟ್ಟಿ ಎರಡು ತಿಂಗಳು ಮರೆತುಬಿಡಿ. ದಿನದ ಬಳಕೆಗೆ ಚಿಕ್ಕ ಗಾಜಿನ ಬಾಟಲಿಗೆ ತೆಗೆದುಕೊಳ್ಳಿ, ದೊಡ್ಡ ಭರಣಿಯ ಬಾಯಿ ತಿಂಗಳಿಗೊಮ್ಮೆಗಿಂತ ಹೆಚ್ಚು ತೆರೆಯಬೇಡಿ. ಹೀಗೆ ಹಾಕಿದ್ದು ಫ್ರಿಡ್ಜಿಲ್ಲದೆ ಎರಡು ವರ್ಷ ನಿಲ್ಲುತ್ತೆ.

ಮಾವನವರಿಗೆ ನಿಜಕ್ಕೂ ಕಡಿಮೆ ಉಪ್ಪಿನದ್ದೇ ಬೇಕು ಅಂದ್ರೆ ಮಿಡಿಯ ಆಸೆ ಬಿಟ್ಟು ಕೊಚ್ಚು ಮಾವಿನಕಾಯಿ ಮಾಡಿ. ಒಂದು ತೋತಾಪುರಿ ಸಣ್ಣಗೆ ಹೆಚ್ಚಿ, ಅರ್ಧ ಚಮಚ ಉಪ್ಪು, ಒಂದು ಚಮಚ ಮೆಣಸಿನಪುಡಿ, ಎಣ್ಣೆಯಲ್ಲಿ ಸಾಸಿವೆ ಇಂಗಿನ ಒಗ್ಗರಣೆ. ಫ್ರಿಡ್ಜಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ, ಅದಕ್ಕಿಂತ ಹೆಚ್ಚು ಇಡಬೇಡಿ. ಇಲ್ಲಾ ಅಪ್ಪೆಹುಳಿ ಮಾಡಿ, ಮಾವಿನಕಾಯಿ ಬೇಯಿಸಿ ಕಿವುಚಿ ನೀರು ಬೆರೆಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಡಿ. ಹುಳಿ, ಇಂಗು ಮುಂದಿದ್ದರೆ ಉಪ್ಪು ಕಡಿಮೆ ಇರೋದು ಅಷ್ಟು ಗೊತ್ತಾಗಲ್ಲ. ಅಪ್ಪ ಈಗ ಬೇಸಿಗೆಯಿಡೀ ಅದನ್ನೇ ಲೋಟದಲ್ಲಿ ಕುಡೀತಾರೆ.

ಈಗಾಗಲೇ ನೂರು ಗ್ರಾಂ ಲೆಕ್ಕದಲ್ಲಿ ಹಾಕಿಟ್ಟಿದ್ದರೆ, ಮೂರು ನಾಲ್ಕು ದಿನದೊಳಗೆ ಆಗಿದ್ದರೆ ಇವತ್ತೇ ಕೆಜಿಗೆ ಇನ್ನೂ 150 ಗ್ರಾಂ ಹರಳುಪ್ಪು ಸೇರಿಸಿ ಮಗುಚಿ, ಏನೂ ಆಗಿರಲ್ಲ. ವಾರ ದಾಟಿದ್ದರೆ ಒಂದು ಮಿಡಿ ಒತ್ತಿ ನೋಡಿ. ಗಟ್ಟಿ ಇದ್ದು ಬರೀ ಬಿಳಿ ಪೊರೆ ಇದ್ದರೆ ಪೊರೆ ತೆಗೆದು, ನೀರು ಬಸಿದು ಕುದಿಸಿ, ತಣಿಸಿ, ಉಪ್ಪು ಸೇರಿಸಿ ವಾಪಸ್ ಹಾಕಿ. ಕಪ್ಪೋ ಹಸಿರೋ ಕೂದಲಿನಂಥ ಬೂಸ್ಟು ಕಂಡರೆ, ಅಥವಾ ಮಿಡಿ ಬೆರಳಿಗೆ ಕುಸಿದರೆ, ತೆಂಗಿನ ಬುಡ ತೋರಿಸಿ.