ಬಾಯಿಮಾತಿನ ಕೆಲಸ, ಬಾರದ ಬಿಲ್ಲು

ಪ್ರಶ್ನೆ: ನಾನು ಅಡಿಪಾಯದ ಕೆಲಸ ಮಾಡುವ ಉಪಗುತ್ತಿಗೆದಾರ. ಗಟ್ಟಿ ನೆಲ ಸಿಗಲಿಲ್ಲವೆಂದು ಮಾಲೀಕರ ಎಂಜಿನಿಯರು ನಿಂತಲ್ಲೇ ಇನ್ನಷ್ಟು ಆಳ ಅಗೆಯಲು ಹೇಳಿದರು. ಅಗೆದು ಕಾಂಕ್ರೀಟ್ ಹಾಕಿದ್ದೂ ಆಯಿತು. ಈಗ ಮುಖ್ಯ ಗುತ್ತಿಗೆದಾರರು ‘ಲಿಖಿತ ಆದೇಶ ಎಲ್ಲಿ?’ ಎನ್ನುತ್ತಾರೆ. ಹಳೆಯ ಬಿಲ್ಲುಗಳನ್ನು ಕೇಳಿದರೆ ‘ಮಾಲೀಕರಿಂದ ಹಣ ಬಂದ ಮೇಲೆ’ ಎಂಬ ಉತ್ತರ. ನಾಳೆಯಿಂದಲೇ ಕೆಲಸ ನಿಲ್ಲಿಸಬೇಕೆಂದಿದ್ದೇನೆ. ಸರಿಯೇ?

ಉತ್ತರ: ನಾಳೆ ನಿಲ್ಲಿಸಬೇಡಿ. ನಿಮ್ಮ ಪತ್ರದಲ್ಲಿ ಸಿಟ್ಟಿದೆ, ನ್ಯಾಯವೂ ಇದೆ. ಕರಾರಿನ ಒಂದು ಷರತ್ತಿನ ಉಲ್ಲೇಖವೂ ಇಲ್ಲ. ಹಣ ತಡೆದವರದು ತಪ್ಪೇ. ಆದರೆ ಕೆಲಸ ನಿಲ್ಲಿಸುವ ಹಕ್ಕು ಕರಾರಿನಲ್ಲೋ ಕಾನೂನಿನಲ್ಲೋ ಇಲ್ಲದಿದ್ದರೆ, ಆಳುಗಳನ್ನು ಕರೆದುಕೊಂಡು ಹೊರಟ ದಿನವೇ ಕರಾರು ಮುರಿದವರು ನೀವಾಗುತ್ತೀರಿ. ವಿಳಂಬದ ದಂಡ, ಉಳಿದ ಕೆಲಸವನ್ನು ಬೇರೆಯವರಿಂದ ಮುಗಿಸಿದ ಖರ್ಚು, ಎಲ್ಲವನ್ನೂ ನಿಮ್ಮ ಬಾಕಿಯಿಂದಲೇ ಮುರಿದುಕೊಳ್ಳುತ್ತಾರೆ. ಹಕ್ಕು ಇದ್ದರೂ ಸಾಮಾನ್ಯವಾಗಿ ಮುಂಚಿತ ನೋಟಿಸ್ ಕೊಡಬೇಕು. ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ, ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಮಾದರಿ ಕರಾರಿನಲ್ಲಿ, ಹಣ ಬಾರದಿದ್ದರೆ ಗುತ್ತಿಗೆದಾರ ಕನಿಷ್ಠ 21 ದಿನಗಳ ನೋಟಿಸ್ ಕೊಟ್ಟು ಕೆಲಸವನ್ನು ನಿಧಾನಗೊಳಿಸಬಹುದು ಅಥವಾ ನಿಲ್ಲಿಸಬಹುದು. ನಿಮ್ಮದರಲ್ಲಿ ಏನಿದೆಯೋ ಇವತ್ತೇ ತೆರೆದು ನೋಡಿ.

ನಾನು ಬಿಲ್ಲು ಬರೆಯುವ ಮೇಜಿನಲ್ಲೂ ಕುಳಿತಿದ್ದೇನೆ, ಬಿಲ್ಲು ಕತ್ತರಿಸುವ ಮೇಜಿನಲ್ಲೂ ಕುಳಿತಿದ್ದೇನೆ. ಕತ್ತರಿಸುವಾಗ ಮೊದಲು ನೋಡುತ್ತಿದ್ದುದು ಪತ್ರದ ದಿನಾಂಕ. ಮೊತ್ತದ ಕಡೆ ಕಣ್ಣು ಹೋಗುತ್ತಿದ್ದುದು ಆಮೇಲೆ. ಅದೇ 1999ರ ಮಾದರಿಯಲ್ಲಿ ನಿಮ್ಮಂಥವರಿಗಾಗಿಯೇ ಬರೆದಂತಿರುವ ಒಂದು ಏರ್ಪಾಡಿದೆ. ಎಂಜಿನಿಯರು ಬಾಯಲ್ಲಿ ಹೇಳಿದ ಎರಡು ಕೆಲಸದ ದಿನಗಳೊಳಗೆ ‘ನೀವು ಹೀಗೆ ಹೇಳಿದ್ದೀರಿ’ ಎಂದು ಗುತ್ತಿಗೆದಾರ ಬರೆದು ಕಳುಹಿಸಿ, ಅದು ತಲುಪಿದ ಎರಡು ಕೆಲಸದ ದಿನಗಳೊಳಗೆ ಎಂಜಿನಿಯರು ಲಿಖಿತವಾಗಿ ಉತ್ತರಿಸದಿದ್ದರೆ, ಆ ಪತ್ರವೇ ಲಿಖಿತ ಆದೇಶವಾಗುತ್ತದೆ. ಎಷ್ಟು ಸುಲಭ ನೋಡಿ! ಆದರೂ ‘ಬರೆದು ಕೇಳಿದರೆ ಸಾಹೇಬರು ಬೇಸರಪಟ್ಟುಕೊಳ್ಳುತ್ತಾರೆ’ ಎಂಬ ಸಂಕೋಚದಲ್ಲಿ ಯಾರೂ ಬರೆಯುವುದಿಲ್ಲ. ಬಿಲ್ಲು ಹೊಡೆದುಹಾಕುವಾಗ ಸಾಹೇಬರಿಗೆ ಆ ಸಂಕೋಚವಿರುವುದಿಲ್ಲ.

ನಿಮಗೊಂದು ತೊಡಕು ಹೆಚ್ಚು. ನಿಮ್ಮ ಕರಾರು ಇರುವುದು ಮುಖ್ಯ ಗುತ್ತಿಗೆದಾರರ ಜೊತೆ. ಮಾಲೀಕರ ಎಂಜಿನಿಯರಿಗೆ ನಿಮಗೆ ನೇರವಾಗಿ ಆದೇಶ ಕೊಡುವ ಅಧಿಕಾರವೇ ಇಲ್ಲದಿರಬಹುದು. ಆದ್ದರಿಂದ ಮುಖ್ಯ ಗುತ್ತಿಗೆದಾರರಿಗೇ ಬರೆಯಿರಿ: ಯಾರು, ಯಾವಾಗ, ಯಾರ ಎದುರಿಗೆ ಹೇಳಿದರು, ಎಷ್ಟು ಆಳ ಹೆಚ್ಚಾಯಿತು, ಎಷ್ಟು ಕಾಂಕ್ರೀಟ್ ಹಿಡಿಯಿತು. ಹಿಂದಿನ ದಿನಾಂಕ ಹಾಕುವ ಜಾಣತನ ಬೇಡ, ಇವತ್ತಿನ ದಿನಾಂಕವೇ ಇರಲಿ. ಕಾಂಕ್ರೀಟಿನ ಅಡಿಗೆ ಹೋದ ಆಳವನ್ನು ಈಗ ಅಳೆಯಲಾಗದು, ಹಾಗಾಗಿ ಮಟ್ಟ ನೋಡಿದ ಪುಸ್ತಕ, ಕಾಂಕ್ರೀಟ್ ಲಾರಿಯ ಚೀಟಿಗಳು, ಮೊಬೈಲಿನ ಚಿತ್ರಗಳು, ದಿನಚರಿ, ಸಂದೇಶಗಳು ಎಲ್ಲವನ್ನೂ ಲಗತ್ತಿಸಿ. ಅವರ ಮೇಸ್ತ್ರಿ ಸಹಿ ಹಾಕಿದ ಒಂದು ಚೀಟಿ ಸಿಕ್ಕರೂ ಬಿಡಬೇಡಿ. ಇನ್ನು ಮುಂದೆ ಮುಚ್ಚಿಹೋಗುವ ಯಾವ ಕೆಲಸವನ್ನೂ ಜಂಟಿ ಅಳತೆಯಾಗದೆ ಮುಚ್ಚಬಾರದು.

ಗಡುವನ್ನೂ ನೋಡಿಕೊಳ್ಳಿ. ಮೇಲೆ ಹೇಳಿದ ಮಾದರಿಯಲ್ಲಿ, ಹೆಚ್ಚುವರಿ ಹಣ ಕೇಳಲು ಕಾರಣವಾದ ಸಂಗತಿ ತಿಳಿದ, ಅಥವಾ ತಿಳಿದಿರಬೇಕಾಗಿದ್ದ, 28 ದಿನಗಳೊಳಗೆ ನೋಟಿಸ್ ಕೊಡದಿದ್ದರೆ ಹಕ್ಕೇ ಹೋಗುತ್ತದೆ. ಉಪಗುತ್ತಿಗೆಗಳಲ್ಲಿ ಗಡುವು ಇನ್ನೂ ಚಿಕ್ಕದಿರಬಹುದು, ಏಕೆಂದರೆ ಮೇಲಿನವರೂ ತಮ್ಮ ಗಡುವಿನೊಳಗೆ ಮಾಲೀಕರಿಗೆ ಬರೆಯಬೇಕು.

‘ಹಣ ಬಂದ ಮೇಲೆ’ ಎಂಬುದು ಕರಾರಿನಲ್ಲಿದೆಯೋ ಬರೀ ಬಾಯಲ್ಲಿದೆಯೋ? ಬಾಯಲ್ಲಷ್ಟೇ ಇದ್ದರೆ ಅದೊಂದು ನೆಪ. ಬರವಣಿಗೆಯಲ್ಲಿದ್ದರೆ, ಅದು ಪಾವತಿಯ ಸಮಯವನ್ನು ಮಾತ್ರ ಹೇಳುತ್ತದೆಯೋ ಅಥವಾ ಮಾಲೀಕರು ಕೊಡದಿದ್ದರೆ ನಿಮಗೂ ಇಲ್ಲ ಎನ್ನುತ್ತದೆಯೋ ಎಂದು ವಕೀಲರಿಂದ ಓದಿಸಿ. ಬ್ರಿಟನ್ನಿನ 1996ರ ಕಾಯಿದೆ ಇಂಥ ಷರತ್ತನ್ನು ನಿಷ್ಫಲಗೊಳಿಸಿತು. ಹಣ ಕೊಡಬೇಕಾದ ಮಾಲೀಕರೇ ದಿವಾಳಿಯಾದಂಥ ಸಂದರ್ಭಕ್ಕೆ ಮಾತ್ರ ವಿನಾಯಿತಿ ಇಟ್ಟಿತು. ಎಲ್ಲ ದೇಶಗಳ ಕಾನೂನೂ ಇಷ್ಟು ಕರುಣಾಳುವಲ್ಲ.

ಪ್ರಶ್ನೆ: ಕೆಲಸ ಕೊಡುವವರು ಭದ್ರತೆಯಾಗಿ ‘ಕೇಳಿದ ತಕ್ಷಣ ಕೊಡುವ’ ಬ್ಯಾಂಕ್ ಗ್ಯಾರಂಟಿ ಬೇಡುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡದಿದ್ದರೆ ಕೆಲಸವೇ ಸಿಗದಿರಬಹುದು, ಅದು ಗೊತ್ತು. ಆದರೆ ಇಂಥ ಗ್ಯಾರಂಟಿಯಲ್ಲಿ ನಿಮ್ಮ ತಪ್ಪನ್ನು ಅವರು ಸಾಬೀತುಪಡಿಸಬೇಕಿಲ್ಲ. ಅವರ ಬೇಡಿಕೆಯ ಪತ್ರ ಸರಿಯಿದ್ದರೆ ಬ್ಯಾಂಕು ಹಣ ಕೊಟ್ಟು ನಿಮ್ಮಿಂದ ವಸೂಲಿ ಮಾಡುತ್ತದೆ. ಜಗಳ ಆಮೇಲೆ. ಯಾವ ಲೋಪಕ್ಕಾಗಿ ಎಂದು ಬೇಡಿಕೆಯಲ್ಲಿ ಬರೆಯಲೇಬೇಕೆಂಬ ಮಾತನ್ನು ಸೇರಿಸಲು ಪಟ್ಟುಹಿಡಿಯಿರಿ. ಕೆಲಸ ಮುಗಿದಂತೆ ಮೊತ್ತ ಇಳಿಯಬೇಕು, ಗ್ಯಾರಂಟಿ ಮುಗಿಯುವ ದಿನಾಂಕ ಸ್ಪಷ್ಟವಿರಬೇಕು. ಅದರ ಜೊತೆಗೆ ಬಿಲ್ಲುಗಳಿಂದ ಠೇವಣಿಯನ್ನೂ ಹಿಡಿಯುತ್ತಾರೆಂದರೆ ಒಂದೇ ಅಪಾಯಕ್ಕೆ ಎರಡು ಭದ್ರತೆ. ಒಂದನ್ನಾದರೂ ತಗ್ಗಿಸಲು ಸಹಿಗೆ ಮುಂಚೆಯೇ ಕೇಳಿ.