ಕ್ಯಾಮೆರಾ ಮೇಲಿನ ಹೆಸರು, ಮಾಡಿದವರ ಹೆಸರು

ನಮಸ್ಕಾರ.

ಜಪಾನಿನ ಹಳೆಯ ಫೋಲ್ಡಿಂಗ್ (ಮಡಚಿಡುವ) ಕ್ಯಾಮೆರಾಗಳ ಬಗ್ಗೆ ನೀವು ಕಳಿಸಿದ ಲೇಖನ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಬದಿಗಿಡುವಂಥ ಬರಹವೂ ಅಲ್ಲ. ಕ್ಯಾಮೆರಾ ಬಿಚ್ಚಿ, ನೋಡಿ, ಫೋಟೊ ತೆಗೆದು ಬರೆದಿದ್ದೀರಿ. ಕನ್ನಡದಲ್ಲಿ ಈ ವಿಷಯದ ಮೇಲೆ ಅಷ್ಟು ಮಾಡಿ ಬರೆಯುವವರು ಕಡಿಮೆ. ಅದಕ್ಕಾಗಿಯೇ ಇಷ್ಟು ಉದ್ದದ ಉತ್ತರ.

ಅಜ್ಜನ ಟ್ರಂಕು ತೆರೆದ ಮೊದಲ ನಾಲ್ಕು ಪ್ಯಾರಾ ತೆಗೆದುಬಿಡಿ. ಗುಂಡಿ ಒತ್ತಿದರೆ ಮುಂಬಾಗಿಲು ಅರ್ಧ ತೆರೆದು ನಿಂತಿತು ಎನ್ನುವ ಸಾಲಿನಿಂದ ಲೇಖನ ಶುರುವಾಗಲಿ. ಅಲ್ಲಿಂದಾಚೆ ಓದುಗನಿಗೆ ಕೆಲಸಕ್ಕೆ ಬರುವ ವಿಷಯವಿದೆ.

ಮುಖ್ಯ ತಕರಾರು ತಯಾರಕರ ಬಗ್ಗೆ. 'ಇದು ಸೆಮಿ ಕಂಪನಿಯ ಕ್ಯಾಮೆರಾ' ಎಂದು ಬರೆದಿದ್ದೀರಿ. 120 ಎಂಬ ಅಳತೆಯ ಫಿಲ್ಮ್ ರೋಲಿನಲ್ಲಿ 4.5×6 ಸೆಂ.ಮೀ. ಅಳತೆಯ 16 ಚಿತ್ರ ತೆಗೆಯುವ ಕ್ಯಾಮೆರಾಗೆ ಜಪಾನಿನಲ್ಲಿ ಸೆಮಿ ಎನ್ನುತ್ತಿದ್ದರು, 6×6ರಲ್ಲಿ 12 ಚಿತ್ರ ತೆಗೆಯುವುದಕ್ಕೆ ಸಿಕ್ಸ್. ಸೆಮಿ ಮಿನೋಲ್ಟಾ, ಸೆಮಿ ಪರ್ಲ್, ಸೆಮಿ ಒಲಿಂಪಸ್ ಮೂರೂ ಬೇರೆ ಬೇರೆ ಕಂಪನಿಯವು. ಇದು ಒಂದು ಸಾಲಿನಲ್ಲಿ ಸರಿಹೋಗುವ ತಪ್ಪು.

ಸುಲಭಕ್ಕೆ ಸರಿಹೋಗದ್ದು ಇನ್ನೊಂದಿದೆ: ಸೆಮಿ ಒಲಿಂಪಸ್ 'ಒಲಿಂಪಸ್ ಪೂರ್ತಿಯಾಗಿ ತಾನೇ ತಯಾರಿಸಿದ ಮೊದಲ ಕ್ಯಾಮೆರಾ' ಎಂಬ ನಿಮ್ಮ ಮಾತು. ಅದು 1936ರಲ್ಲಿ ಬಂತು. ಕಂಪನಿಗೆ ಆಗ ತಕಾಚಿಹೊ ಎಂಬ ಹೆಸರಿತ್ತು. 75 ಮಿ.ಮೀ. ಎಫ್/4.5 ಝುಯಿಕೊ ಲೆನ್ಸ್ ಅವರದ್ದು, ಬಾಡಿ ಮಾತ್ರ ಪ್ರೌಡ್ ಎಂಬ ಬೇರೆ ತಯಾರಕರಿಂದ ಕೊಂಡದ್ದು. ಇತ್ತ ಮಾಮಿಯಾ ಸಿಕ್ಸ್ ನೋಡಿ. ಫೋಕಸ್ ಮಾಡಲು ಲೆನ್ಸ್ ಬಿಟ್ಟು ಫಿಲ್ಮ್ ಕೂರುವ ತಳವನ್ನೇ ಹಿಂದೆ ಮುಂದೆ ಸರಿಸುವ ಆ ಕ್ಯಾಮೆರಾ 1940ರಲ್ಲಿ ಬಂತು. ವಿನ್ಯಾಸ ಮಾಮಿಯಾ ಸೆಯಿಚಿ ಅವರದ್ದೇ. ಆದರೂ ಎಷ್ಟೋ ಮಾಮಿಯಾ ಸಿಕ್ಸ್‌ಗಳ ಮುಂದೆ ಕೂತಿರುವುದು ಒಲಿಂಪಸ್‌ನ ಝುಯಿಕೊ. ಹೆಸರಾಂತ ಕಂಪನಿಗಳ ಕಥೆಯೇ ಹೀಗಿದ್ದ ಮೇಲೆ ಸಣ್ಣ ವರ್ಕ್‌ಶಾಪುಗಳ ಕ್ಯಾಮೆರಾ ಹಿಡಿದು 'ಇದನ್ನು ಇಂಥವರು ಮಾಡಿದರು' ಎಂದು ಒಂದೇ ಉಸಿರಿಗೆ ಹೇಳಲು ಬರುವುದಿಲ್ಲ.

ಕಾರಣವನ್ನು ಲೇಖನದಲ್ಲಿ ಹೇಳಲೇಬೇಕು. 1937ರಲ್ಲಿ ಚೀನಾದ ಮೇಲಿನ ಯುದ್ಧ ಶುರುವಾದ ಮೇಲೆ ಜಪಾನ್ ಕ್ಯಾಮೆರಾ ಆಮದಿಗೆ ಕಡಿವಾಣ ಹಾಕಿತು. ಜರ್ಮನಿಯ ಇಕೊಂಟಾ ಬೇಕೆನ್ನುವವರು ಇದ್ದರು, ಮಾಲು ಇರಲಿಲ್ಲ. ಅದನ್ನೇ ಹೋಲುವ ಕ್ಯಾಮೆರಾ ಮಾಡುವವರು ಹೆಚ್ಚಿದರು. ಬಾಡಿ ಒಂದು ಕಡೆ, ಶಟರ್ ಇನ್ನೊಂದು ಕಡೆ, ಲೆನ್ಸ್ ಮತ್ತೊಂದು ಕಡೆ ತಯಾರಾಗುತ್ತಿತ್ತು; ಜೋಡಿಸಿದ ಮೇಲೆ ಸಗಟು ವ್ಯಾಪಾರಿ ತನ್ನ ಹೆಸರು ಹಾಕಿ ಮಾರುತ್ತಿದ್ದ. ನೀವು ಉಲ್ಲೇಖಿಸಿದ ಫಸ್ಟ್ ಕ್ಯಾಮೆರಾಗಳನ್ನೇ ತೆಗೆದುಕೊಳ್ಳಿ. ಯುದ್ಧಕ್ಕೆ ಮುಂಚೆ ಅವನ್ನು ಮಾರಿದ್ದು ಮಿನಗಾವಾ ಅಂಗಡಿ, ಮಾಡಿದ್ದು ಮುಂದೆ ಪೆಟ್ರಿ ಎಂದು ಹೆಸರಾದ ಕುರಿಬಾಯಾಶಿ. ಯುದ್ಧದ ನಂತರ ಟೊಕಿವಾ ಸೆಯ್ಕಿಯ ಫಸ್ಟ್‌ಫ್ಲೆಕ್ಸ್ ಮೇಲೆ ಅದೇ ಫಸ್ಟ್ ಕಾಣಿಸುತ್ತದೆ. ಹೆಸರು ಒಂದೇ ಎಂದು ಈ ಎಲ್ಲವನ್ನೂ ಒಂದೇ ಕಂಪನಿಯ ಖಾತೆಗೆ ಹಾಕಿದ್ದೀರಿ.

ಹಾಗಾಗಿ ಪ್ರತಿ ಕ್ಯಾಮೆರಾಗೂ ಮಾರಿದವರು, ಬಾಡಿ ಮಾಡಿದವರು, ಲೆನ್ಸ್ ತಿಕ್ಕಿದವರು, ಶಟರ್ ಮಾಡಿದವರು ಎಂದು ನಾಲ್ಕು ಜಾಗ ಬಿಡಿ. ಪುರಾವೆ ಇದ್ದಲ್ಲಿ ಮಾತ್ರ ತುಂಬಿ. ಖಾಲಿ ಉಳಿದ ಜಾಗವನ್ನು ಖಾಲಿ ಎಂದೇ ಬರೆಯಿರಿ, ಊಹೆಯಿಂದ ತುಂಬಬೇಡಿ.

ಪುರಾವೆ ಎಂದರೆ ಯಾವುದು? ಹಳೆಯ ಪತ್ರಿಕೆಗಳ ಜಾಹೀರಾತು ಮೊದಲ ಆಸರೆ. 'ಅಸಾಹಿ ಕ್ಯಾಮೆರಾ' 1926ರಿಂದಲೂ ಬರುತ್ತಿತ್ತು. ಆದರೆ ಜಾಹೀರಾತಿನಲ್ಲಿ ಇರುವುದು ಹೆಚ್ಚಾಗಿ ಮಾರುವವನ ಹೆಸರು. ಅದರಿಂದ 'ಇಂಥ ತಿಂಗಳು ಮಾರಾಟಕ್ಕಿತ್ತು' ಎನ್ನಬಹುದೇ ಹೊರತು 'ಆಗ ತಯಾರಾಯಿತು' ಎನ್ನಲಾಗದು. 1940ರ ಅಕ್ಟೋಬರಿನಲ್ಲಿ ಸಿದ್ಧವಾಗಿ 1941ರ ಜನವರಿಯಿಂದ ಜಾರಿಯಾದ ಸರ್ಕಾರಿ ಬೆಲೆಪಟ್ಟಿ ಇದೆ. 1943ರ ಏಪ್ರಿಲ್‌ನ ಸ್ಥಿತಿ ತೋರಿಸುವ ದೇಶೀ ಕ್ಯಾಮೆರಾ ಸಮೀಕ್ಷೆಯೂ ಇದೆ. ಯುದ್ಧಕಾಲದ ಕ್ಯಾಮೆರಾ ಬಗ್ಗೆ ಬರೆಯುವವರು ಈ ಎರಡನ್ನು ಬಿಟ್ಟು ಮುಂದೆ ಹೋಗಬಾರದು. ನಿಮ್ಮ ಲೇಖನದಲ್ಲಿ ಎರಡರ ಸುಳಿವೂ ಇಲ್ಲ. ಇರುವುದು ಹರಾಜು ಜಾಲತಾಣಗಳ ವಿವರಣೆ. ಅಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ.

ಇನ್ನು ಬಾಡಿ ನೋಡಿ ತಯಾರಕರನ್ನು ಗುರುತಿಸುವ ನಿಮ್ಮ ಭಾಗ. ಎರಡು ಕ್ಯಾಮೆರಾಗಳ ಬಾಗಿಲ ತೋಳು, ಬಾಗಿಲ ಗುಂಡಿ, ವ್ಯೂಫೈಂಡರ್ ಮೂರೂ ಒಂದೇ ಥರ ಇವೆ, ಹಾಗಾಗಿ ಒಂದೇ ಕಾರ್ಖಾನೆಯವು ಎಂದು ತೀರ್ಮಾನಿಸಿದ್ದೀರಿ. ಆ ಮೂರೂ ಇಕೊಂಟಾದಿಂದ ಬಂದವು, ಅದನ್ನು ನೋಡಿ ಮಾಡಿದ ಯಾರ ಕ್ಯಾಮೆರಾದಲ್ಲೂ ಇರುತ್ತವೆ. ಓಲೆಗರಿ ಪ್ರತಿಗಳನ್ನು ಪರಿಷ್ಕರಿಸುವವರು ಎರಡು ಪ್ರತಿಗಳ ನಂಟನ್ನು ಸರಿಯಾದ ಪಾಠದಿಂದ ನಿರ್ಧರಿಸುವುದಿಲ್ಲ, ಎರಡರಲ್ಲೂ ಬಿದ್ದಿರುವ ಒಂದೇ ತಪ್ಪಿನಿಂದ ನಿರ್ಧರಿಸುತ್ತಾರೆ. ಇಲ್ಲೂ ಹಾಗೇ. ಇಕೊಂಟಾದಲ್ಲಿ ಇಲ್ಲದ, ನಿಮ್ಮ ಎರಡೂ ಕ್ಯಾಮೆರಾಗಳಲ್ಲಿ ಇರುವ ವಿಚಾರ ಹುಡುಕಿ: ಸ್ಪೂಲ್ (ಫಿಲ್ಮ್ ಸುತ್ತುವ ಉರುಳೆ) ಹಿಡಿಯುವ ಸ್ಪ್ರಿಂಗಿನ ಆಕಾರ, ಅದನ್ನು ಬಾಡಿಗೆ ಕೂರಿಸಿದ ರಿವೆಟ್‌ಗಳ ಸಂಖ್ಯೆ, ಕ್ಯಾಮೆರಾ ನಿಲ್ಲಿಸಲು ಇರುವ ಬಾಗಿಲ ಕಾಲಿನ ಕೆತ್ತನೆ, ಬಾಡಿ ನಂಬರ್ ಒತ್ತಿದ ಜಾಗ, ಒಳಗೋಡೆಯ ಎರಕದ ಗುರುತು. ಇವು ಹೊಂದಿದರೆ ಮಾತು ಗಟ್ಟಿಯಾಗುತ್ತದೆ. ಇವನ್ನು ಹತ್ತಿರದಿಂದ ತೆಗೆದ ಒಂದು ಫೋಟೊವೂ ನೀವು ಕಳಿಸಿಲ್ಲ.

ನೀವು ಕಳಿಸಿದ ಚಿತ್ರಗಳಲ್ಲೇ ನೀವು ಗಮನಿಸದ ಒಂದು ವಿಷಯವಿದೆ. ನಿಮ್ಮ ಕ್ಯಾಮೆರಾ 1938ರದ್ದು ಎಂದಿದ್ದೀರಿ. ಮೂರನೇ ಚಿತ್ರದಲ್ಲಿ ಶಟರ್ ಪಕ್ಕ ಫ್ಲಾಶ್ ತಂತಿ ಸಿಕ್ಕಿಸುವ ಸಾಕೆಟ್ ಇದೆ, ಲೆನ್ಸ್ ಮೇಲೆ ನೀಲಿ ಕೋಟಿಂಗ್ ಹೊಳೆಯುತ್ತಿದೆ. ಇವೆರಡೂ ಯುದ್ಧಾನಂತರದ ಲಕ್ಷಣ. ಐದನೇ ಚಿತ್ರದಲ್ಲಿ ಶಟರನ್ನು ಹಿಂದಿನಿಂದ ಬಿಗಿಹಿಡಿದ ರಿಂಗಿನ ಎರಡೂ ಕಚ್ಚುಗಳು ಸ್ಕ್ರೂಡ್ರೈವರ್ ಜಾರಿ ಕಿತ್ತಂತಿವೆ. ಶಟರ್ ಮತ್ತು ಲೆನ್ಸ್ ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ಲೆನ್ಸ್ ರಿಂಗಿನ ಹೆಸರು ಹಿಡಿದು ಬಾಡಿಯ ತಯಾರಕರನ್ನು ಹುಡುಕಿದ ನಿಮ್ಮ ಇಡೀ ಎಂಟನೇ ಪ್ಯಾರಾ ಬಿದ್ದುಹೋಗುತ್ತದೆ. ಆದರೆ ಈ ಮೂರು ಗುರುತುಗಳನ್ನು ಓದುಗನಿಗೆ ತೋರಿಸಿ ವಿವರಿಸಿದರೆ ಅದಕ್ಕಿಂತ ಒಳ್ಳೆಯ ಪ್ಯಾರಾ ಆಗುತ್ತದೆ.

ಅದೇ ಬಾಡಿಯ ಹಿಂದೆ ಎರಡು ಕೆಂಪು ಕಿಟಕಿಗಳಿವೆ. ಫಿಲ್ಮ್ ಲೋಡ್ ಮಾಡುವ ಭಾಗದಲ್ಲಿ ಅವುಗಳ ಮಾತೇ ಇಲ್ಲ. 1ರಿಂದ 16ರವರೆಗೆ ತಿರುಗಿಸುತ್ತಾ ಹೋಗಿ ಎಂದಿದ್ದೀರಿ. ಎರಡು ಕಿಟಕಿ ಇರುವ ಸೆಮಿ ಕ್ಯಾಮೆರಾ, 6×9 ಸೆಂ.ಮೀ. ಚಿತ್ರಕ್ಕೆಂದು ಫಿಲ್ಮಿನ ಹಿಂದಿನ ಕಾಗದದಲ್ಲಿ ಅಚ್ಚಾದ 1ರಿಂದ 8ರ ಅಂಕಿಗಳನ್ನು ಬಳಸುತ್ತದೆ. ಕಾಗದದ ಮೇಲಿನ 1 ಮೊದಲ ಕಿಟಕಿಗೆ ಬಂದಾಗ ಒಂದು ಚಿತ್ರ, ಅದೇ 1 ಎರಡನೇ ಕಿಟಕಿಗೆ ಸರಿದಾಗ ಇನ್ನೊಂದು. ಹೀಗೆ 8ರ ತನಕ ಹೋದರೆ 16 ಚಿತ್ರ. ನಿಮ್ಮ ವಿವರಣೆ ನಂಬಿ ಒಂದೇ ಕಿಟಕಿ ನೋಡುತ್ತಾ ಹೋದವನಿಗೆ 8 ಚಿತ್ರ ಸಿಗುತ್ತದೆ, ಮಧ್ಯೆ ಮಧ್ಯೆ ಖಾಲಿ ಫಿಲ್ಮ್.

ರಿಪೇರಿ ಭಾಗದಲ್ಲಿ ಎರಡು ಸಲಹೆಗಳನ್ನು ಖಂಡಿತ ತೆಗೆಯಬೇಕು. ಬೆಲ್ಲೋಸ್ (ಲೆನ್ಸಿಗೂ ಬಾಡಿಗೂ ನಡುವಿನ ಮಡಿಕೆ ಚೀಲ) ಮೆತ್ತಗಾಗಲು ಕೊಬ್ಬರಿ ಎಣ್ಣೆ ಸವರಿ ಎಂದಿದ್ದೀರಿ. ಎಣ್ಣೆ ಮಡಿಕೆಗಳ ಅಂಟನ್ನು ಸಡಿಲಿಸುತ್ತದೆ, ಶಟರ್ ಎಲೆಗಳಿಗೂ ಲೆನ್ಸಿನ ಹಿಂಭಾಗಕ್ಕೂ ಹತ್ತುತ್ತದೆ. ಎಣ್ಣೆ ಕೂತ ಎಲೆಗಳು ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಬೆಲ್ಲೋಸ್ ಪರೀಕ್ಷೆಗೆ ಕತ್ತಲೆ ಕೋಣೆ ಮತ್ತು ಸಣ್ಣ ಟಾರ್ಚ್ ಸಾಕು. ಒಳಗಿನಿಂದ ಬೆಳಕು ಬಿಟ್ಟು ಒಂದೊಂದೇ ಮಡಿಕೆಯ ಮೂಲೆ ನೋಡಬೇಕು, ತೂತು ಬೀಳುವುದು ಹೆಚ್ಚಾಗಿ ಅಲ್ಲೇ. ಸೂಜಿ ಮೊನೆಯಷ್ಟು ಚಿಕ್ಕದಾದರೆ ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ತುಸು ಬಿಳಿ ಫೆವಿಕಾಲ್ ಬೆರೆಸಿ ಹಲ್ಲುಕಡ್ಡಿಯಿಂದ ಹಚ್ಚಿ, ಬೆಲ್ಲೋಸ್ ಚಾಚಿಟ್ಟೇ ಒಂದು ದಿನ ಒಣಗಿಸಬೇಕು. ಹಸಿಯಿದ್ದಾಗ ಮಡಚಿದರೆ ಮಡಿಕೆಗಳು ಅಂಟಿ, ಮುಂದಿನ ಸಲ ತೆರೆಯುವಾಗ ಹರಿಯುತ್ತವೆ. ಮೂಲೆಗಳು ಸವೆದು ಸೀಳಿದ್ದರೆ ಹೊಸ ಬೆಲ್ಲೋಸ್ ಹಾಕದೆ ಬೇರೆ ದಾರಿಯಿಲ್ಲ.

ಎರಡನೆಯದು, ಗಟ್ಟಿಯಾದ ಫೋಕಸ್ ರಿಂಗನ್ನು ಇಕ್ಕಳದಿಂದ ತಿರುಗಿಸುವುದು. ಒಣಗಿದ ಗ್ರೀಸಿನಿಂದ ಅದು ಹಿಡಿದಿರುತ್ತದೆ. ಬಲ ಹಾಕಿದರೆ ರಿಂಗ್ ಸೊಟ್ಟಗಾಗುತ್ತದೆ, ಇಲ್ಲವೇ ರಿಂಗ್ ಹಿಡಿದ ಪುಟ್ಟ ಸ್ಕ್ರೂಗಳು ಜಾರಿ ಇನ್ಫಿನಿಟಿ (ಬಹುದೂರದ ವಸ್ತುವಿಗೆ ಹೊಂದುವ ಫೋಕಸ್) ತಪ್ಪುತ್ತದೆ. ಮೊದಲು ಆ ಸ್ಕ್ರೂ ಸಡಿಲಿಸಿ ರಿಂಗ್ ತೆಗೆಯಬೇಕು. ಥ್ರೆಡ್ಡಿಗೆ ಲೈಟರ್ ದ್ರವ ಒಂದೆರಡು ಹನಿ ಬಿಟ್ಟು ಕಾದು, ಮುಂದಿನ ಲೆನ್ಸನ್ನು ನಿಧಾನ ಬಿಚ್ಚಬೇಕು. ಅದು ಕಳಚಿಕೊಳ್ಳುವ ಜಾಗದಲ್ಲಿ ಎರಡೂ ಕಡೆ ಗೀರು ಹಾಕುವುದನ್ನು ಮಾತ್ರ ಮರೆಯಬಾರದು. ಥ್ರೆಡ್ಡಿಗೆ ಒಂದಕ್ಕಿಂತ ಹೆಚ್ಚು ಬಾಯಿ (ಶುರುವಾಗುವ ಜಾಗ) ಇರುತ್ತದೆ, ತಪ್ಪು ಬಾಯಿಯಲ್ಲಿ ಹತ್ತಿಸಿದರೆ ಇನ್ಫಿನಿಟಿ ಬರುವುದೇ ಇಲ್ಲ.

ಇನ್ಫಿನಿಟಿ ಹೊಂದಿಸುವ ಭಾಗ ಚೆನ್ನಾಗಿದೆ, ಒಂದು ಕೊರತೆ ಬಿಟ್ಟು. ಚಿತ್ರ ಮೂಡಿಸಿ ಫೋಕಸ್ ನೋಡುವ ತರಿ ಗಾಜು ಇಡಬೇಕಾದದ್ದು ಫಿಲ್ಮ್ ಒರಗುವ ಒಳಹಳಿಗಳ ಮೇಲೆ, ತರಿ ಬದಿ ಲೆನ್ಸಿನ ಕಡೆಗೆ. ಅಗಲವಾದ ಗಾಜು ಪ್ರೆಷರ್ ಪ್ಲೇಟ್ (ಫಿಲ್ಮನ್ನು ಒತ್ತಿಹಿಡಿಯುವ ತಗಡು) ಕೂರುವ ಹೊರಹಳಿಗಳ ಮೇಲೆ ಕೂತುಬಿಡುತ್ತದೆ, ಆ ವ್ಯತ್ಯಾಸವೇ ಎಫ್/3.5ರಲ್ಲಿ ಚಿತ್ರ ಮಂಕಾಗಲು ಸಾಕು. ಫಿಲ್ಮ್ ತಿರುಗಿಸಿದ ಮೇಲೆ ಮುಂಬಾಗಿಲು ತೆರೆಯಬೇಡಿ, ತೆರೆದ ಮೇಲೆ ತಿರುಗಿಸಿ ಎಂಬ ಸಾಲನ್ನೂ ಸೇರಿಸಿ. ಬೆಲ್ಲೋಸ್ ಥಟ್ಟನೆ ಚಾಚಿದಾಗ ಗಾಳಿ ಎಳೆದು ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ. ಆಮೇಲೆ ತಿರುಗಿಸಿದರೆ ಮತ್ತೆ ಬಿಗಿಯಾಗುತ್ತದೆ.

ತಿದ್ದಿದ ಬರಹ 1500 ಪದದ ಒಳಗಿರಲಿ. ನಿಮ್ಮ ಒಂದು ಕ್ಯಾಮೆರಾವನ್ನೇ ಹಿಡಿದು ಬರೆಯಿರಿ, ಉಳಿದ ಹನ್ನೊಂದರ ಪಟ್ಟಿ ಬೇಡ. ಬಾಡಿ ನಂಬರ್, ಸ್ಪೂಲ್ ಸ್ಪ್ರಿಂಗ್, ಬಾಗಿಲ ಕಾಲು, ಶಟರ್ ಹಿಂದಿನ ರಿಂಗ್, ಹಿಂಬದಿಯ ತೊಗಲಿನ ಮೇಲೆ ಒತ್ತಿದ ಅಕ್ಷರ ಇವುಗಳ ಫೋಟೊ ಪಕ್ಕದಿಂದ ಬೆಳಕು ಬೀಳುವಂತೆ ತೆಗೆದು ಕಳಿಸಿ. ತೊಗಲಿನ ಮೇಲಿನ ಸವೆದ ಅಕ್ಷರ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ನಿಮ್ಮ ನಾಲ್ಕನೇ ಚಿತ್ರದಲ್ಲಿ ಅಲ್ಲಿ ಏನೋ ಇರುವಂತಿದೆ.