ಲೌಟರ್‌ಬ್ರುನ್ನೆನ್‌ನಲ್ಲಿ ಐದು ದಿನ: ಚಾರಣ, ಮಧ್ಯಾಹ್ನದ ಊಟ ಮತ್ತು ಮಳೆಯ ದಿನದ ಏರ್ಪಾಡು

ಜುಲೈ ತಿಂಗಳಲ್ಲಿ ನೀವಿಬ್ಬರೂ ಅಪ್ಪ-ಅಮ್ಮನವರೊಂದಿಗೆ ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್‌ನಲ್ಲಿ ಐದು ದಿನ ತಂಗಲಿದ್ದೀರಿ. ದಿನಕ್ಕೊಂದು ಚಾರಣ ಆಗಬೇಕು, ದಾರಿಯಲ್ಲಿ ಸಸ್ಯಾಹಾರದ ಊಟ ಸಿಗಬೇಕು, ಮಳೆ ಬಂದರೆ ದಿನ ಹಾಳಾಗಬಾರದು, ಹೇಗೆ ಯೋಜಿಸಲಿ ಎಂದು ಕೇಳಿದ್ದೀರಿ. ಸೋಮವಾರ ಈ ಬೆಟ್ಟ, ಮಂಗಳವಾರ ಆ ಬೆಟ್ಟ ಎಂದು ನೀವು ಹಾಕಿಕೊಂಡಿರುವ ಪಟ್ಟಿಯನ್ನೂ ಓದಿದೆ. ಬೆಟ್ಟಗಳೆಲ್ಲ ಹಾಗೆಯೇ ಇರಲಿ, ವಾರಗಳನ್ನು ಮಾತ್ರ ಅಳಿಸಿಬಿಡಿ ಎಂಬುದು ನನ್ನ ಮೊದಲ ಸಲಹೆ. ಹಲವು ವರ್ಷಗಳಿಂದ ಬರ್ನ್ ನಗರದಲ್ಲಿದ್ದು, ಊರಿನಿಂದ ಬಂದ ಹಿರಿಯರನ್ನು ಈ ಕಣಿವೆಗೆ ಮತ್ತೆ ಮತ್ತೆ ಕರೆದೊಯ್ದವನಾಗಿ ಈ ಮಾತು ಹೇಳುತ್ತಿದ್ದೇನೆ. ಮೊದಲ ಸಲ ನಾನೂ ನಿಮ್ಮಂತೆಯೇ ದಿನಕ್ಕೊಂದು ಬೆಟ್ಟ ಹಂಚಿ, ಮುಂಗಡವಾಗಿ ಟಿಕೆಟ್ ಕೊಂಡು, ಮೇಲೆ ಹೋಗಿ ಎರಡು ಗಂಟೆ ಬಿಳಿ ಮಂಜನ್ನೇ ನೋಡಿಕೊಂಡು ಇಳಿದಿದ್ದೆ. ಮಾರನೆಯ ದಿನ ಬರ್ನ್‌ನ ವಸ್ತುಸಂಗ್ರಹಾಲಯದ ಕಿಟಕಿಯಿಂದ ನೋಡಿದರೆ ಮುಗಿಲಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ.

ಆದ್ದರಿಂದ ಒಣಹವೆಯ ದಿನಕ್ಕೆ ಮೂರು ನಡಿಗೆ, ಸೋನೆಮಳೆಯ ದಿನಕ್ಕೆ ಒಂದು, ಜಡಿಮಳೆಗೆ ಎರಡು ಜಾಗ ಎಂದು ಗುರುತು ಮಾಡಿಟ್ಟುಕೊಳ್ಳಿ. ಯಾವುದು ಯಾವ ದಿನ ಎಂಬುದನ್ನು ಹಿಂದಿನ ರಾತ್ರಿ ಇಲ್ಲಿನ ಹವಾಮಾನ ಇಲಾಖೆಯಾದ ಮೆಟಿಯೋಸ್ವಿಸ್‌ನ ಆ್ಯಪ್ ನೋಡಿ ತೀರ್ಮಾನಿಸಿ, ಬೆಳಿಗ್ಗೆ ಹೊರಡುವ ಮುನ್ನ ಬೆಟ್ಟದ ಮೇಲಿನ ವೆಬ್‌ಕ್ಯಾಮ್ ನೋಡಿ ಖಚಿತಪಡಿಸಿಕೊಳ್ಳಿ. ಲೌಟರ್‌ಬ್ರುನ್ನೆನ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ನೀವು ಹೋಗಬೇಕೆಂದಿರುವ ಜಾಗಗಳಲ್ಲಿ ಹಲವು 2,000 ಮೀಟರ್ ದಾಟುತ್ತವೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ 1,930 ಮೀಟರಿಗಿಂತಲೂ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪು ಹೆಚ್ಚುವುದರಿಂದ, ಕಣಿವೆಯ ಹವೆ ನೋಡಿ ಮೇಲಿನದನ್ನು ಊಹಿಸುವುದು ಬೇಡ.

ಎರಡನೆಯ ಸಲಹೆ ಊಟದ್ದು, ನನ್ನ ಲೆಕ್ಕದಲ್ಲಿ ಯೋಜನೆಯ ಗೂಟವೇ ಅದು. ಮಧ್ಯಾಹ್ನದ ಊಟದ ಜಾಗವನ್ನು ಯಾವಾಗಲೂ ರೈಲು ನಿಲ್ದಾಣವಿರುವಲ್ಲಿಯೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಇಲ್ಲಿ ಬೆಳಗು ಶುಭ್ರವಾಗಿದ್ದು ಮಧ್ಯಾಹ್ನದ ಹೊತ್ತಿಗೆ ಮೋಡ ಉಬ್ಬಿಕೊಂಡು ಗುಡುಗುವುದು ಸಾಮಾನ್ಯ. ಊಟ ಮುಗಿಸಿ ತಲೆಯೆತ್ತಿ ನೋಡಿದಾಗ ಆಕಾಶ ಕಪ್ಪಾಗಿದ್ದರೆ, ಅಥವಾ ಅಮ್ಮನವರು ಇನ್ನು ಸಾಕು ಎಂದರೆ, ಅಲ್ಲಿಂದಲೇ ರೈಲು ಹತ್ತಿಬಿಡಬಹುದು. ಅದೃಷ್ಟಕ್ಕೆ ಈ ಕಣಿವೆಯ ಒಳ್ಳೆಯ ನಡಿಗೆಗಳೆಲ್ಲ ಹೀಗೆಯೇ ಹೊಂದಿಕೊಳ್ಳುತ್ತವೆ.

ಮೊದಲನೆಯದು ಮೆನ್‌ಲಿಶೆನ್‌ನಿಂದ ಕ್ಲೈನೆ ಶೈಡೆಗ್‌ವರೆಗಿನ ಪನೋರಮಾ ದಾರಿ. ಲೌಟರ್‌ಬ್ರುನ್ನೆನ್‌ನಿಂದ ವೆಂಗೆನ್‌ಗೆ ರೈಲು, ಅಲ್ಲಿಂದ ಕೇಬಲ್ ಕಾರ್. ಮೇಲೆ ಇಳಿದಾಗ ನೀವು 2,200 ಮೀಟರಿಗಿಂತ ಮೇಲಿರುತ್ತೀರಿ. ಅಲ್ಲಿಂದ ಸುಮಾರು 4.5 ಕಿ.ಮೀ. ಅಗಲವಾದ ಕಾಲುದಾರಿ, ಹೆಚ್ಚಿನಂಶ ನಿಧಾನದ ಇಳಿಜಾರು. ನಡೆಯುವಷ್ಟು ಹೊತ್ತೂ ಐಗರ್, ಮ್ಯೋಂಖ್, ಯೂಂಗ್‌ಫ್ರೌ ಶಿಖರಗಳು ಎದುರಿಗೇ ಇರುವುದರಿಂದ ಒಂದೂವರೆ ಗಂಟೆಯ ದಾರಿಗೆ ನಮ್ಮ ಹಿರಿಯರು ಎರಡೂವರೆ ಗಂಟೆ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ. ಹಳದಿ ಕೈಕಂಬಗಳ ಮೇಲೆ ಬರೆದಿರುವ ಸಮಯ ಎಲ್ಲಿಯೂ ನಿಲ್ಲದೆ ನಡೆಯುವವರದು. ಫೋಟೋ, ಕುಳಿತು ಏಳುವುದು, ನೀರು ಕುಡಿಯುವುದು ಅದರಲ್ಲಿ ಸೇರಿಲ್ಲ. ಕ್ಲೈನೆ ಶೈಡೆಗ್‌ನಲ್ಲಿ ಊಟ ಮಾಡಿ, ಪಕ್ಕದಲ್ಲೇ ಇರುವ ನಿಲ್ದಾಣದಿಂದ ಇಳಿದು ಬನ್ನಿ.

ಎರಡನೆಯದು ಗ್ರ್ಯುಚಾಲ್ಪ್‌ನಿಂದ ಮ್ಯೂರೆನ್‌ಗೆ ಹೋಗುವ ಬಹುತೇಕ ಸಮತಟ್ಟಾದ ದಾರಿ. ನಡುವೆ ವಿಂಟರೆಗ್ ಎಂಬಲ್ಲಿ ಉಪಾಹಾರ ಗೃಹವೂ ಇದೆ, ಪುಟ್ಟ ರೈಲು ನಿಲ್ದಾಣವೂ ಇದೆ. ಮಂಡಿನೋವಿದ್ದವರನ್ನು ನಾನು ಮೊದಲು ಕರೆದೊಯ್ಯುವುದು ಇಲ್ಲಿಗೆ.

ಮೂರನೆಯದು ನಿಮ್ಮಿಬ್ಬರಿಗೆ ಮಾತ್ರ. ಐಗರ್‌ಗ್ಲೆಚರ್ ನಿಲ್ದಾಣದಿಂದ ಐಗರ್‌ನ ಉತ್ತರದ ಗೋಡೆಯ ಬುಡದಲ್ಲೇ ಸಾಗಿ ಆಲ್ಪಿಗ್ಲೆನ್‌ಗೆ ಇಳಿಯುವ ಸುಮಾರು 6 ಕಿ.ಮೀ. ಹಾದಿಯಲ್ಲಿ ಏಳುನೂರು ಮೀಟರಿನಷ್ಟು ಇಳಿತವಿದ್ದು, ಜಲ್ಲಿಕಲ್ಲಿನ ಮೇಲೆ ಅದು ಮಂಡಿಯನ್ನು ಚೆನ್ನಾಗಿಯೇ ವಿಚಾರಿಸಿಕೊಳ್ಳುತ್ತದೆ. ಇದರ ಗುರುತು ಬಿಳಿ-ಕೆಂಪು-ಬಿಳಿ ಪಟ್ಟೆ, ಅಂದರೆ ಬೆಟ್ಟದ ಹಾದಿ; ಬರಿಯ ಹಳದಿ ಗುರುತಿನ ದಾರಿಗಳು ಸುಲಭದವು, ಬಿಳಿ-ನೀಲಿ-ಬಿಳಿ ಕಂಡರೆ ಅತ್ತ ಕಾಲಿಡಬೇಡಿ. ಅಪ್ಪ-ಅಮ್ಮನವರು ಕ್ಲೈನೆ ಶೈಡೆಗ್‌ನಿಂದ ರೈಲಿನಲ್ಲೇ ಆಲ್ಪಿಗ್ಲೆನ್‌ಗೆ ಬಂದು ಕುಳಿತಿರಲಿ. ನೀವು ಇಳಿದು ಬಂದ ಮೇಲೆ ನಾಲ್ವರೂ ಒಟ್ಟಿಗೆ ಊಟ ಮಾಡಬಹುದು. ಇದಲ್ಲದೆ ಗ್ರಿಂಡೆಲ್‌ವಾಲ್ಡ್ ಕಡೆಯ ಫರ್ಸ್ಟ್‌ನಿಂದ ಬಾಖಾಲ್ಪ್‌ಸೇ ಕೆರೆಗೆ ಹೋಗಿಬರುವುದೂ ಚೆಂದವೇ, ಒಂದು ಕಡೆಗೆ 3 ಕಿ.ಮೀ.; ಆದರೆ ಕೆರೆಯ ಬಳಿ ಹೋಟೆಲಿಲ್ಲ, ಬುತ್ತಿ ಒಯ್ಯಬೇಕು.

ಸಸ್ಯಾಹಾರದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಟ್ಟದ ಹೋಟೆಲುಗಳಲ್ಲಿ ಬಿಸಿ ಅಡುಗೆ ಸಾಮಾನ್ಯವಾಗಿ 12ರಿಂದ 2 ಗಂಟೆಯವರೆಗೆ. ಮೂರಕ್ಕೆ ಹೋದರೆ ಕೇಕೇ ಗತಿ ಆಗಬಹುದು. ನಿಮಗೆ ಒಗ್ಗುವುದು ರೋಷ್ಟಿ, ಅಂದರೆ ತುರಿದ ಆಲೂಗೆಡ್ಡೆಯನ್ನು ಬಾಣಲೆಯಲ್ಲಿ ದಪ್ಪ ರೊಟ್ಟಿಯಂತೆ ಕೆಂಪಗೆ ಕಾಯಿಸಿದ್ದು. ಹಾಗೆಯೇ ಆಲ್ಪ್ಲರ್‌ಮಾಗ್ರೋನೆನ್, ಮ್ಯಾಕರೋನಿ ಮತ್ತು ಆಲೂಗೆಡ್ಡೆಯನ್ನು ಕೆನೆ, ಚೀಸ್, ಹುರಿದ ಈರುಳ್ಳಿಯೊಂದಿಗೆ ಬೆರೆಸಿ ಪಕ್ಕದಲ್ಲಿ ಸೇಬಿನ ಗೊಜ್ಜಿಟ್ಟು ಕೊಡುವ ತಿಂಡಿ. ಎರಡರಲ್ಲೂ ಹಂದಿಮಾಂಸದ ಚೂರುಗಳಿರುವುದುಂಟು. ಆದ್ದರಿಂದ ‘ಓನೆ ಸ್ಪೆಕ್, ಓನೆ ಫ್ಲೈಶ್’ ಎಂದು ಹೇಳುವುದನ್ನು ರೂಢಿಸಿಕೊಳ್ಳಿ, ಜರ್ಮನ್‌ನಲ್ಲಿ ಹಂದಿಮಾಂಸವಿಲ್ಲದೆ, ಮಾಂಸವಿಲ್ಲದೆ ಎಂದರ್ಥ. ತರಕಾರಿ ಸೂಪ್ ಎಂದು ಬರೆದಿದ್ದರೂ ಅದು ಮಾಂಸದ ಸಾರಿನಲ್ಲಿ ಕುದಿಸಿದ್ದಾಗಿರಬಹುದು, ಕೇಳಿಯೇ ತರಿಸಿಕೊಳ್ಳಿ. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲೊಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆಂಬುದನ್ನೂ ಮುಚ್ಚಿಡುವುದು ಸರಿಯಲ್ಲ. ಕಟ್ಟುನಿಟ್ಟಿನವರಿಗೆ ಬುತ್ತಿಯೇ ಕ್ಷೇಮ.

ನನ್ನ ಅಮ್ಮ ಎರಡನೆಯ ದಿನದಿಂದ ಬುತ್ತಿಯ ಪಕ್ಷ ಸೇರಿದರು. ತಂಗಿದ ಮನೆಯಲ್ಲಿ ಅಡುಗೆಮನೆಯಿದ್ದರೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸಾಕು; ಅಕ್ಕಿ, ಮೊಸರು ಊರಿನ ಅಂಗಡಿಯಲ್ಲೇ ಸಿಗುತ್ತವೆ. ಮ್ಯೂರೆನ್ ದಾರಿಯ ಮರದ ಬೆಂಚಿನ ಮೇಲೆ, ತುಪ್ಪ ಸವರಿ ಚಟ್ನಿಪುಡಿ ಉದುರಿಸಿ ಸುರುಳಿ ಸುತ್ತಿದ ಚಪಾತಿಯ ಕಾಗದವನ್ನು ಅಮ್ಮ ಬಿಚ್ಚಿದಾಗ ತುಪ್ಪ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವರು ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ ಒಂದೊಂದಾಗಿ ಕೊಟ್ಟರು. ಹೀಗೆ ತಿನ್ನಲು ಬೆಂಚುಗಳು ಬೇಕಾದಷ್ಟಿವೆ, ಹೋಟೆಲಿನ ಮೇಜಿನ ಮೇಲೆ ಮಾತ್ರ ಬುತ್ತಿ ಬಿಚ್ಚಬೇಡಿ. ದಾರಿಯಲ್ಲಿ ಮೇಯುವ ಹಸುಗಳ ಕೊರಳು ತುರಿಸಲು ನಮ್ಮವರ ಕೈ ತಾನೇ ಮುಂದಾಗುತ್ತದೆ. ಕರುವಿನೊಂದಿಗಿರುವ ಹಸು ಇಲ್ಲಿಯೂ ಹಾಯಲು ಬರುತ್ತದೆ, ದೂರದಿಂದಲೇ ಸಾಗಿ.

ಇನ್ನು ಮಳೆ. ಶಿಖರಗಳು ಮೋಡದಲ್ಲಿದ್ದು ಸೋನೆ ಹನಿಯುತ್ತಿದ್ದರೆ ಮೇಲೆ ಹೋಗುವ ದುಡ್ಡು ದಂಡ, ಕಣಿವೆಯ ತಳದಲ್ಲೇ ನಡೆಯಿರಿ. ಲೌಟರ್‌ಬ್ರುನ್ನೆನ್‌ನಿಂದ ಶ್ಟೆಶೆಲ್‌ಬೆರ್ಗ್ ಕಡೆಗೆ ಹೊಳೆಯ ಪಕ್ಕದ ಸಮತಟ್ಟಾದ ದಾರಿಯಲ್ಲಿ, ಸುಮಾರು 300 ಮೀಟರ್ ಎತ್ತರದಿಂದ ಧುಮುಕುವ ಶ್ಟೌಬ್‌ಬಾಖ್ ಮೊದಲಾಗಿ ಹಲವು ಜಲಪಾತಗಳು ಎರಡೂ ಗೋಡೆಗಳಿಂದ ಇಳಿಯುವುದು ಮಳೆಯಲ್ಲೇ ಹೆಚ್ಚು ಸೊಗಸು, ಸುಸ್ತಾದರೆ ಬಸ್ಸಿದೆ. ಅದೇ ದಾರಿಯಲ್ಲಿ ಟ್ರುಮೆಲ್‌ಬಾಖ್ ಸಿಗುತ್ತದೆ. ಐಗರ್, ಮ್ಯೋಂಖ್, ಯೂಂಗ್‌ಫ್ರೌಗಳ ಹಿಮನದಿಗಳ ನೀರು ಬಂಡೆಯ ಹೊಟ್ಟೆಯೊಳಗೇ ಕೊರೆದುಕೊಂಡು ಹತ್ತು ಹಂತಗಳಲ್ಲಿ ಬೀಳುವ ಜಾಗವಿದು. ಹರಿವು ತುಂಬಿದಾಗ ಸೆಕೆಂಡಿಗೆ 20,000 ಲೀಟರಿನವರೆಗೂ ನೀರು ಇಲ್ಲಿ ಹಾಯುತ್ತದೆ. ಒಳಗೆ ಲಿಫ್ಟ್ ಇದ್ದರೂ ಒದ್ದೆ ಮೆಟ್ಟಿಲುಗಳು ತಪ್ಪಿದ್ದಲ್ಲ, ಮಳೆಯಂಗಿ ಹಾಕಿಕೊಂಡೇ ಹೋಗಿ.

ಜಡಿಮಳೆಯಾದರೆ ನೇರ ಬರ್ನ್‌ಗೆ ಬನ್ನಿ, ಇಂಟರ್‌ಲಾಕೆನ್‌ನಲ್ಲಿ ರೈಲು ಬದಲಿಸಿ ಒಂದೂವರೆ ಗಂಟೆಯ ದಾರಿ. ಹಳೆಯ ಪೇಟೆಯಲ್ಲಿ ಸುಮಾರು 6 ಕಿ.ಮೀ. ಉದ್ದದ ಕಮಾನು ಚಾವಣಿಯ ಮೊಗಸಾಲೆಗಳಿದ್ದು, ಕೊಡೆ ಬಿಚ್ಚದೆ ಸುತ್ತಬಹುದು; ಕ್ರಾಮ್‌ಗಾಸೆಯ 49ನೇ ಮನೆಯಲ್ಲಿ ಐನ್‌ಸ್ಟೈನ್ ವಾಸವಿದ್ದರು, ಅದೀಗ ನೋಡಲು ತೆರೆದಿದೆ. ಅಷ್ಟು ದೂರ ಬೇಡವೆಂದರೆ ಥೂನ್ ಸರೋವರದ ದೋಣಿಯಲ್ಲಿ ಗಾಜಿನ ಹಿಂದೆ ಕುಳಿತು ಹೋಗಿಬರಬಹುದು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಈ ದೋಣಿಗೂ ಬರ್ನ್ ರೈಲಿಗೂ ಬೇರೆ ಟಿಕೆಟ್ ಬೇಡ.

ಮೇಲಿರುವಾಗ ಗುಡುಗು ಕೇಳಿಸಿದರೆ ಏಣು ಬಿಟ್ಟು ಇಳಿಯಿರಿ, ಒಂಟಿಮರದ ಕೆಳಗೆ ನಿಲ್ಲಬೇಡಿ. ಬಿರುಗಾಳಿಗೆ ಕೇಬಲ್ ಕಾರ್ ನಿಂತುಹೋಗುತ್ತದೆಂಬುದು ನೆನಪಿರಲಿ. ತುರ್ತಿಗೆ 112, ಹೆಲಿಕಾಪ್ಟರ್ ನೆರವಿಗೆ ರೇಗಾ ಸಂಸ್ಥೆಯ 1414. ಕೊನೆಯ ಕೇಬಲ್ ಕಾರಿನ ಸಮಯವನ್ನು ಮೇಲಿನ ನಿಲ್ದಾಣದಲ್ಲಿ ಹಾಕಿರುತ್ತಾರೆ. ಇಳಿದ ಕೂಡಲೇ ಅದರ ಫೋಟೋ ತೆಗೆದು ಅಪ್ಪನವರ ಫೋನಿಗೂ ಕಳಿಸಿಡಿ. ನಮ್ಮ ಮನೆಯಲ್ಲಿ ಹೊತ್ತು ನೋಡಿ ಎಲ್ಲರನ್ನೂ ಎಬ್ಬಿಸುವವರು ಅಪ್ಪನೇ.